ಬಾಗಿಲು ತೆರೆಯಿತು, ಉತ್ಸವಮೂರ್ತಿ ಹೊರಟಿತು

ಮಂಡ್ಯ ತಾಲ್ಲೂಕಿನ ಒಂದು ಊರಿನಲ್ಲಿ 2024ರ ನವೆಂಬರ್‌ನಲ್ಲಿ ದಲಿತರು ಊರ ಗುಡಿಯ ಹೊಸಿಲು ದಾಟಿದರು. ಪೊಲೀಸರಿದ್ದರು, ಅಧಿಕಾರಿಗಳಿದ್ದರು. ಒಳಗೆ ಹೋಗಿ ಪೂಜೆ ಮಾಡಿಸಿದರು. ಇದನ್ನು ಒಪ್ಪದ ಇನ್ನೊಂದು ಗುಂಪು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಗುಡಿಯಿಂದ ಬೇರೆ ಕಡೆಗೆ ಒಯ್ದಿತು. ಕಟ್ಟಡ ಬೇಕಾದರೆ ನೀವು ಇಟ್ಟುಕೊಳ್ಳಿ, ದೇವರು ನಮ್ಮವನು ಎನ್ನುವ ಹಾಗೆ. ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಯಿತು, ಆಮೇಲೆ ತಣ್ಣಗಾಯಿತು. ಆದರೆ ಆ ಚಿತ್ರ ಮನಸ್ಸಿನಿಂದ ಹೋಗುವುದಿಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೇ ವಿಧಿ ಅವತ್ತು ತನ್ನ ಕೆಲಸವನ್ನು ಪೂರ್ತಿ ಮಾಡಿತ್ತು. ಬಾಗಿಲು ತೆರೆಸಿತ್ತು, ಕಾವಲು ನಿಂತಿತ್ತು, ಯಾರೂ ತಡೆಯದಂತೆ ನೋಡಿಕೊಂಡಿತ್ತು. ಆದರೂ ಒಳಗೆ ಹೋದವರ ಕೈಗೆ ಸಿಕ್ಕಿದ್ದು ಏನು? ಜೊತೆಗೆ ನಿಲ್ಲಬೇಕಾದವರು ಎದ್ದು ಹೋಗಿಬಿಟ್ಟರೆ, ನಿಂತುಕೊಳ್ಳುವ ಹಕ್ಕಿನಿಂದ ಏನು ಬರುತ್ತದೆ?

ಸಮಾನತೆಯ ಬಗ್ಗೆ ಓದುವಾಗಲೆಲ್ಲ ಈ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡೇ ಓದುವುದು ಅಭ್ಯಾಸವಾಗಿದೆ. ಮಾನವ ಹಕ್ಕುಗಳ ಘೋಷಣೆಯನ್ನೂ ಹಾಗೆಯೇ ಓದಿದ್ದು, ಬಹಾಯಿ ಎಂಬ ಧರ್ಮದ ಬೋಧನೆಗಳನ್ನೂ ಹಾಗೆಯೇ ಓದಿದ್ದು. ನಮ್ಮ ಕಡೆ ಬಹಾಯಿ ಅಂದರೆ ದೆಹಲಿಯ ಕಮಲದ ಮಂದಿರ ಅಂತಷ್ಟೇ ಬಹಳ ಜನಕ್ಕೆ ಗೊತ್ತು. ಶಾಲಾ ಪ್ರವಾಸದಲ್ಲಿ ನೋಡಿ, ಫೋಟೋ ತೆಗೆಸಿಕೊಂಡು ಬಂದಿರುತ್ತಾರೆ. 1986ರಲ್ಲಿ ಉದ್ಘಾಟನೆಯಾದ ಆ ಮಂದಿರಕ್ಕೆ 27 ಅಮೃತಶಿಲೆಯ ದಳ, 9 ಪಾರ್ಶ್ವ. ಒಳಗೆ ಮೂರ್ತಿಯಿಲ್ಲ, ಗರ್ಭಗುಡಿಯಿಲ್ಲ, ಅರ್ಚಕರಿಲ್ಲ, ಪ್ರವಚನವೂ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಿ ಕೂರಬಹುದು, ಒಬ್ಬರಿಗಿಂತ ಇನ್ನೊಬ್ಬರು ಹೆಚ್ಚು ಹತ್ತಿರಕ್ಕೆ ಹೋಗುವ ಜಾಗವೇ ಅಲ್ಲಿಲ್ಲ. ಗುಡಿ ಪ್ರವೇಶದ ಜಗಳವನ್ನು ಹತ್ತಿರದಿಂದ ಬಲ್ಲ ಮಂಡ್ಯದವರಿಗೆ ಈ ಕಟ್ಟಡದ ನಕ್ಷೆ ಬೇರೆಯದೇ ರೀತಿಯಲ್ಲಿ ಅರ್ಥವಾಗಬೇಕು.

ವರ್ಷಕ್ಕೆ ಮೂರು ದಿನ

ಸಮಾನತೆ ನಮಗೆ ಹೊರಗಿನಿಂದ ಬಂದ ಮಾತಲ್ಲ. ಮೇಲುಕೋಟೆಯ ಚೆಲುವನಾರಾಯಣನ ಗುಡಿಗೆ ವರ್ಷಕ್ಕೆ 3 ದಿನ ದಲಿತರಿಗೆ ಪ್ರವೇಶ ಎಂಬ ಪದ್ಧತಿ ನಡೆದುಬಂದಿತ್ತು. 12ನೇ ಶತಮಾನದಲ್ಲಿ ರಾಮಾನುಜರು ಅವರನ್ನು ತಿರುಕುಲದವರು ಅಂತ ಕರೆದರು, ಉತ್ಸವಮೂರ್ತಿಯನ್ನು ದೆಹಲಿಯಿಂದ ತರುವಾಗ ಅವರು ಮಾಡಿದ ಸಹಾಯಕ್ಕೆ ಪ್ರತಿಯಾಗಿ ಈ ಮರ್ಯಾದೆ ಕೊಟ್ಟರು ಅಂತ ಐತಿಹ್ಯ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 12ನೇ ಶತಮಾನದಲ್ಲಿ ಇಷ್ಟು ಮಾಡಲು ಧೈರ್ಯ ಬೇಕಿತ್ತು, ರಾಮಾನುಜರಿಗೆ ಅದಿತ್ತು.

ಆದರೆ 3 ದಿನ ಎಂಬ ಲೆಕ್ಕವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿ. ಉಳಿದ 362 ದಿನದ ಬಗ್ಗೆ ಅದು ಏನು ಹೇಳುತ್ತದೆ? ಉಪಕಾರಕ್ಕೆ ಪ್ರತಿಯಾಗಿ ಕೊಟ್ಟದ್ದು ಉಪಕಾರವಾಗಿಯೇ ಉಳಿಯುತ್ತದೆ. ಅದನ್ನು ಕೊಟ್ಟವರಿದ್ದಾರೆ, ಪಡೆದವರಿದ್ದಾರೆ, ಅದಕ್ಕೆ ಒಂದು ಕಾರಣವಿದೆ, ಒಂದು ಮಿತಿಯಿದೆ. ಮೂರ್ತಿ ತರಲು ಸಹಾಯ ಮಾಡಿರದಿದ್ದರೆ ಆ ಮೂರು ದಿನವೂ ಇರುತ್ತಿರಲಿಲ್ಲ ಅಂತಲೇ ಕಥೆ ಹೇಳುತ್ತದೆ. ಹಕ್ಕು ಅಂದರೆ ಏನು ಅಂತ ಮಕ್ಕಳಿಗೆ ಹೇಳಿಕೊಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಾವ ಉಪಕಾರವನ್ನೂ ಮಾಡದ, ಯಾರ ಮೆಚ್ಚುಗೆಯನ್ನೂ ಗಳಿಸದ, ಹುಟ್ಟಿದ್ದೊಂದೇ ಅರ್ಹತೆಯಾದ ಮನುಷ್ಯನಿಗೂ ಸಲ್ಲಬೇಕಾದದ್ದು ಹಕ್ಕು.

ಒಂದು ಪದಕ್ಕಾಗಿ

1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. 48 ದೇಶ ಪರ, ವಿರುದ್ಧ ಯಾರೂ ಇಲ್ಲ, 8 ದೇಶ ತಟಸ್ಥ. ಒಟ್ಟು 30 ಕಲಮು. ಮೊದಲನೆಯದರ ಕರಡಿನಲ್ಲಿ ಇಂಗ್ಲಿಷಿನ 'ಆಲ್ ಮೆನ್' ಎಂಬ ಮಾತಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಅದನ್ನು ಒಪ್ಪಲಿಲ್ಲ. ಆ ಪದದಲ್ಲಿ ಹೆಂಗಸರೂ ಸೇರುತ್ತಾರೆ ಅಂತ ಸಭೆಯಲ್ಲಿ ಸಮಾಧಾನ ಹೇಳಿದರು. ಕೆಲವು ದೇಶಗಳು ಅದನ್ನು ಅಕ್ಷರಶಃ ಗಂಡಸರು ಅಂತಲೇ ಓದಿಕೊಳ್ಳುತ್ತವೆ ಅಂತ ಹಂಸಾ ಮೆಹ್ತಾ ಪಟ್ಟು ಹಿಡಿದರು. ಕೊನೆಗೆ 'ಎಲ್ಲ ಮಾನವ ಜೀವಿಗಳು' ಅಂತ ಆಯಿತು. ಆಸ್ತಿ ಪತ್ರದಲ್ಲಿ 'ಮಕ್ಕಳು' ಅಂತ ಬರೆದು ಗಂಡುಮಕ್ಕಳಿಗೆ ಮಾತ್ರ ಪಾಲು ಹಂಚಿದ ಮನೆಗಳನ್ನು ಕಂಡವರಿಗೆ ಆ ಪಟ್ಟು ಯಾಕೆ ಬೇಕಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೂ ಒಂದೂ ಮುಕ್ಕಾಲು ವರ್ಷ ಮೊದಲು, 1947ರ ಫೆಬ್ರವರಿಯಲ್ಲಿ, ಅಮೆರಿಕ ಮತ್ತು ಕೆನಡಾದ ಬಹಾಯಿಗಳ ರಾಷ್ಟ್ರೀಯ ಸಭೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ಹೇಳಿಕೆ ಕೊಟ್ಟಿತ್ತು. ಅದರ ಹೆಸರಿನಲ್ಲೇ ಒಂದು ವಿಶೇಷವಿದೆ. ಮಾನವ ಹೊಣೆಗಳು ಮತ್ತು ಹಕ್ಕುಗಳ ಘೋಷಣೆ ಅಂತ ಅದರ ತಲೆಬರಹ, ಹೊಣೆ ಮೊದಲು ಬಂದು ಹಕ್ಕು ಆಮೇಲೆ ಬರುತ್ತದೆ. ಲಿಂಗ, ಜನಾಂಗ, ಮತ, ದೇಶ ಯಾವ ಭೇದವೂ ಇಲ್ಲದೆ ದೇವರು ಮನುಷ್ಯರಿಗೆಲ್ಲ ಕೊಟ್ಟ ಗುಣ ಮತ್ತು ಶಕ್ತಿಗಳೇ ಹಕ್ಕಿನ ಮೂಲ ಅಂತ ಆ ಹೇಳಿಕೆ ಶುರುವಿನಲ್ಲೇ ಹೇಳುತ್ತದೆ.

ಹೊಣೆ ಮೊದಲು ಅಂದ ತಕ್ಷಣ ನಮ್ಮಲ್ಲಿ ಕೆಲವರಿಗೆ ಅನುಮಾನ ಬರುತ್ತದೆ, ಬರಲೇಬೇಕು. ಕರ್ತವ್ಯ ಎಂಬ ಮಾತನ್ನು ಹೇಳಿ ಹೇಳಿಯೇ ಶತಮಾನಗಟ್ಟಲೆ ಕೆಳಗಿನವರನ್ನು ಕೆಳಗೆ ಕೂರಿಸಿದ್ದು. ಆದರೆ ಆ ಉತ್ಸವಮೂರ್ತಿಯ ಪ್ರಸಂಗವನ್ನು ಮತ್ತೆ ನೆನೆಯಿರಿ. ಒಳಗೆ ಹೋದವರ ಹಕ್ಕು ಪೂರ್ತಿ ಇತ್ತು. ಅಲ್ಲಿ ಇಲ್ಲದೇ ಹೋದದ್ದು ಎದುರು ಪಕ್ಷದವರ ಹೊಣೆ. ಹೊಣೆಯ ಮಾತನ್ನು ಹಕ್ಕು ಕೇಳುವವರಿಗೆ ಹೇಳಿದರೆ ಅದು ದಬ್ಬಾಳಿಕೆ. ಹಕ್ಕನ್ನು ತಡೆದವರಿಗೆ ಹೇಳಿದಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ.

ಕಾನೂನು ಎಲ್ಲಿಯವರೆಗೆ

ಹಾಗಂತ ಕಾನೂನನ್ನು ಹಗುರ ಮಾಡಬಾರದು. ಮನಸ್ಸು ಬದಲಾಗಲಿ ಅಂತ ಕಾಯುತ್ತಾ ಕೂತರೆ ಇನ್ನೊಂದು ತಲೆಮಾರು ಹೊರಗೇ ನಿಂತಿರುತ್ತದೆ. ನಮ್ಮ ಜಿಲ್ಲೆಗಳ ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿಯನ್ನು ತೆಗೆಸಿದ್ದು ಉಪದೇಶವಲ್ಲ. ದಲಿತ ಸಂಘಟನೆಗಳ ಹುಡುಗರು ಒಳಗೆ ಹೋಗಿ ಕೂತದ್ದು, ದೂರು ಕೊಟ್ಟದ್ದು, ಪೊಲೀಸರು ಬಂದದ್ದು ಅದನ್ನು ತೆಗೆಸಿತು. ಕ್ಷೌರದಂಗಡಿಯಲ್ಲಿ ಕಟಿಂಗ್ ಮಾಡಲ್ಲ ಅನ್ನುವುದು ಇವತ್ತಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಅದಕ್ಕೇ ದೂರು ಕೊಡುವ ಬಗೆಯನ್ನು ಗೊತ್ತಿರುವಷ್ಟು ಇಲ್ಲಿ ಬರೆಯುತ್ತೇನೆ.

ಎರಡು ಕಾಯ್ದೆಗಳಿವೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹಳೆಯದು, ಅದರ ಶಿಕ್ಷೆ ಕಡಿಮೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ ಬಲ ಹೆಚ್ಚು. 2015ರ ತಿದ್ದುಪಡಿಯಲ್ಲಿ ಗುಡಿ, ಕೆರೆ-ಬಾವಿ, ಸ್ಮಶಾನ, ಅಂಗಡಿಗಳಲ್ಲಿ ತಡೆಯುವುದು, ಸಾಮಾಜಿಕ ಬಹಿಷ್ಕಾರ ಹಾಕುವುದು ಎಲ್ಲ ಇದರೊಳಗೆ ಬಂದವು. ಶಿಕ್ಷೆ 6 ತಿಂಗಳಿಂದ 5 ವರ್ಷದವರೆಗೆ. ದೂರಿನಲ್ಲಿ ಊರು, ಜಾಗ, ತಾರೀಖು, ಹೊತ್ತು, ಯಾರು ಏನು ಅಂದರು ಎಂಬುದು ಅವರ ಬಾಯಿಂದ ಬಂದ ಮಾತಿನಲ್ಲೇ ಇರಬೇಕು. ಅಲ್ಲಿದ್ದ ಇಬ್ಬರು ಮೂವರ ಹೆಸರಿರಬೇಕು. ಜಾತಿ ಹೆಸರು ಹಿಡಿದು ಬೈದದ್ದಾದರೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೈದರು ಅಂತ ಸ್ಪಷ್ಟವಾಗಿ ಬರೆಯಬೇಕು. ಮನೆಯೊಳಗೆ, ಯಾರೂ ಇಲ್ಲದಾಗ ಬೈದದ್ದು ಈ ಕಲಮಿನಡಿ ನಿಲ್ಲುವುದು ಕಷ್ಟ. ಜಾತಿ ಪ್ರಮಾಣಪತ್ರದ ನಕಲು ಜೊತೆಗಿರಲಿ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ. ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಬಾರದು, 60 ದಿನದೊಳಗೆ ಮುಗಿಸಬೇಕು ಅಂತ ನಿಯಮವಿದೆ.

ಪ್ರಕರಣ ಬಿದ್ದು ಹೋಗುವುದು ಹೆಚ್ಚಾಗಿ ಇಲ್ಲೇ. ದೂರಿನಲ್ಲಿ 'ಜಾತಿ ನಿಂದನೆ ಮಾಡಿದರು' ಅಂತ ಒಂದೇ ಸಾಲು ಇರುತ್ತದೆ, ಆಡಿದ ಮಾತು ಇರುವುದಿಲ್ಲ. ದರ್ಜೆ ಕಡಿಮೆ ಇರುವ ಅಧಿಕಾರಿ ತನಿಖೆ ಮಾಡಿದ್ದನ್ನು ಎದುರಾಳಿ ವಕೀಲರು ಹಿಡಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ವಿಚಾರಣೆ ಬರುವ ಹೊತ್ತಿಗೆ ಊರಿನಲ್ಲಿ ರಾಜಿ ಪಂಚಾಯ್ತಿ ಆಗಿಹೋಗಿರುತ್ತದೆ. ಗದ್ದೆ ಕೆಲಸ ಕೊಡುವವರು ಆರೋಪಿಗಳ ಕಡೆಯವರೇ, ಸಾಲ ಅವರದ್ದೇ, ದಾರಿಯೂ ಅವರ ಜಮೀನಿನ ಮೇಲೆಯೇ. ಸಾಕ್ಷಿ ಹೇಳಬೇಕಾದವರು ಕೋರ್ಟಿನಲ್ಲಿ ನನಗೇನೂ ಗೊತ್ತಿಲ್ಲ ಅನ್ನುತ್ತಾರೆ. ಅವರನ್ನು ದೂರಬೇಡಿ. ಆ ಊರಿನಲ್ಲೇ ಅವರು ನಾಳೆಯೂ ಬದುಕಬೇಕು.

ಮೈಲಿಗೆಯ ಬೇರು

ಕಾನೂನು ನಡವಳಿಕೆಯನ್ನು ಹಿಡಿಯುತ್ತದೆ. ನಡವಳಿಕೆಯ ಕೆಳಗೆ ಒಂದು ನಂಬಿಕೆಯಿದೆ, ಅದಕ್ಕೆ ನಮ್ಮಲ್ಲಿ ಮೈಲಿಗೆ ಅಂತ ಹೆಸರು. ಮುಟ್ಟಿದರೆ, ನೆರಳು ಬಿದ್ದರೆ, ಎಂಜಲು ತಾಗಿದರೆ ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ಏನೋ ಹರಿದು ಬರುತ್ತದೆ ಎಂಬ ನಂಬಿಕೆ ಅದು.

ಅದು ಎಷ್ಟು ಪೊಳ್ಳು ಅಂತ ನೋಡಬೇಕಾದರೆ ಬೆಳಿಗ್ಗೆ 6 ಗಂಟೆಗೆ ಯಾವುದಾದರೂ ಹಾಲಿನ ಡೇರಿ ಮುಂದೆ ನಿಲ್ಲಿ. ಕಾಲೋನಿಯಿಂದ ಬಂದ ಹೆಂಗಸಿನ ತಂಬಿಗೆ, ಪಟೇಲರ ಮನೆಯಿಂದ ಬಂದ ಹುಡುಗನ ಸ್ಟೀಲ್ ಕ್ಯಾನು, ಎರಡೂ ಒಂದೇ ಸಾಲಿನಲ್ಲಿ. ಸ್ವಲ್ಪ ಹಾಲು ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಲೀಟರ್ ಎಷ್ಟು ಅಂತ ಬರೆದುಕೊಂಡು ಅದೇ ದೊಡ್ಡ ಕ್ಯಾನಿಗೆ ಸುರಿಯುತ್ತಾರೆ. ಒಮ್ಮೆ ಸುರಿದ ಮೇಲೆ ಯಾರ ಹಾಲು ಯಾವುದು ಅಂತ ಹೇಳುವ ಉಪಕರಣ ಲೋಕದಲ್ಲಿ ಇನ್ನೂ ಬಂದಿಲ್ಲ. ಆ ಹಾಲೇ ಪ್ಯಾಕೆಟ್ ಆಗಿ ಮನೆಗೆ ಬರುತ್ತದೆ, ಗುಡಿಯಲ್ಲಿ ಅಭಿಷೇಕಕ್ಕೂ ಹೋಗುತ್ತದೆ. ಹಾಲಿಗಿಲ್ಲದ ಮೈಲಿಗೆ ಹಾಲು ಕರೆದ ಕೈಗೆ ಎಲ್ಲಿಂದ ಬಂತು?

ಬಹಾಯಿ ಬೋಧನೆಗಳಲ್ಲಿ ನಮ್ಮವರು ಹೆಚ್ಚು ಗಮನಿಸಬೇಕಾದ ಮಾತು ಇಲ್ಲಿದೆ ಅಂತ ನನ್ನ ಅನ್ನಿಸಿಕೆ. ಈ ಧರ್ಮದ ಸ್ಥಾಪಕ ಬಹಾವುಲ್ಲಾ 1817ರಲ್ಲಿ ಇರಾನಿನ ತೆಹರಾನಿನಲ್ಲಿ ಹುಟ್ಟಿದವರು. ಸೆರೆ, ಗಡಿಪಾರು ಅಂತಲೇ ಜೀವನದ ಬಹುಭಾಗ ಕಳೆದು 1892ರಲ್ಲಿ ಇಂದಿನ ಇಸ್ರೇಲಿನ ಅಕ್ಕಾ ಪಟ್ಟಣದ ಹತ್ತಿರ ತೀರಿಕೊಂಡರು. ಅಲ್ಲಿದ್ದಾಗ, ಸುಮಾರು 1873ರಲ್ಲಿ, ತಮ್ಮ ಕಾನೂನಿನ ಗ್ರಂಥ ಕಿತಾಬ್-ಎ-ಅಖ್ದಸ್ ಬರೆದರು. ಅದರಲ್ಲಿ ವಸ್ತುಗಳನ್ನೂ ಜನರನ್ನೂ ಅಶುದ್ಧ ಅಂತ ಕಾಣುವ ಕಲ್ಪನೆಯನ್ನೇ ರದ್ದು ಮಾಡುವ ವಿಧಿಯಿದೆ. ಆಗಿನ ಇರಾನಿನಲ್ಲಿ ಯಹೂದಿ, ಕ್ರೈಸ್ತ, ಪಾರಸಿಗಳನ್ನು ನಜಿಸ್, ಅಂದರೆ ಅಶುದ್ಧರು, ಅಂತ ಕರೆಯುತ್ತಿದ್ದರು. ಒದ್ದೆಯಾಗಿದ್ದಾಗ ಮುಟ್ಟಿದರೆ ಅಶುದ್ಧಿ ಹರಡುತ್ತದೆ ಅಂತ ಮಳೆ ಬಂದ ದಿನ ಅವರನ್ನು ಬೀದಿಗೆ ಬಿಡದ ಪದ್ಧತಿಯೂ ಇತ್ತು. ನಮ್ಮ ಮೈಲಿಗೆಗೆ ಅದು ಎಷ್ಟು ಹತ್ತಿರದ ನೆಂಟ ನೋಡಿ. ಬಹಾವುಲ್ಲಾ ಅದೇ ಗ್ರಂಥದಲ್ಲಿ ಸ್ವಚ್ಛತೆಯನ್ನು ಬಹಳ ಒತ್ತಿ ಹೇಳುತ್ತಾರೆ. ಸ್ನಾನ ಮಾಡು, ಬಟ್ಟೆ ಒಗೆ, ಶುದ್ಧ ನೀರು ಬಳಸು ಅನ್ನುತ್ತಾರೆ. ಅಂದರೆ ಕೊಳೆ ಬೇರೆ, ಮೈಲಿಗೆ ಬೇರೆ. ಕೊಳೆಯನ್ನು ಸೋಪು ತೊಳೆಯುತ್ತದೆ. ಹುಟ್ಟಿನಿಂದ ಬಂತು ಎನ್ನುವ ಅಶುದ್ಧಿ ಇಲ್ಲವೇ ಇಲ್ಲ. ಎಲ್ಲರನ್ನೂ ಒಂದೇ ಮಣ್ಣಿನಿಂದ ಮಾಡಿದ್ದು ಒಬ್ಬ ಇನ್ನೊಬ್ಬನಿಗಿಂತ ಮೇಲು ಅಂದುಕೊಳ್ಳದಿರಲಿ ಅಂತಲೇ ಎಂಬ ಮಾತೂ ಅವರ ಬರಹದಲ್ಲಿದೆ.

ಇದನ್ನು ಹೇಳಿದ ಸಮುದಾಯವೇ ಇರಾನಿನಲ್ಲಿ ಇವತ್ತು ನಜಿಸ್ ಅನ್ನಿಸಿಕೊಂಡು ಬದುಕುತ್ತಿದೆ. 1979ರ ಕ್ರಾಂತಿಯ ನಂತರ 200ಕ್ಕೂ ಹೆಚ್ಚು ಬಹಾಯಿಗಳನ್ನು ಕೊಂದರು. 1983ರ ಜೂನ್ 18ರಂದು ಶಿರಾಜ್‌ನಲ್ಲಿ 10 ಹೆಂಗಸರನ್ನು ಒಬ್ಬರಾದ ಮೇಲೆ ಒಬ್ಬರಂತೆ ನೇಣಿಗೆ ಹಾಕಿದರು. ಅವರಲ್ಲಿ ಕಿರಿಯಳಿಗೆ 17 ವರ್ಷ. ಮಕ್ಕಳಿಗೆ ಧರ್ಮದ ಪಾಠ ಹೇಳಿಕೊಟ್ಟದ್ದೂ ಅವಳ ಮೇಲಿನ ಆರೋಪಗಳಲ್ಲೊಂದು. ನಂಬಿಕೆ ಬಿಟ್ಟೆ ಅಂತ ಒಂದು ಮಾತು ಹೇಳಿದ್ದರೆ ಜೀವ ಉಳಿಯುತ್ತಿತ್ತು. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದಕ್ಕೆ 1987ರಲ್ಲಿ ಮನೆಗಳ ಅಡುಗೆಮನೆ, ಪಡಸಾಲೆಗಳಲ್ಲೇ ತಮ್ಮ ಉನ್ನತ ಶಿಕ್ಷಣ ಸಂಸ್ಥೆ ಕಟ್ಟಿಕೊಂಡರು. 2007ರಲ್ಲಿ ಪೊಲೀಸ್ ಇಲಾಖೆಯಿಂದ ಹೊರಟ ಒಂದು ಪತ್ರದಲ್ಲಿ ಬಹಾಯಿಗಳು ಮಾಡಬಾರದ ಉದ್ಯೋಗಗಳ ಪಟ್ಟಿಯಿತ್ತು. ಶುದ್ಧಿಯ ಕಾರಣಕ್ಕೆ ನಿಷೇಧ ಅಂತ ಬರೆದ ಕಡೆ ಹೋಟೆಲು, ದಿನಸಿ ಅಂಗಡಿ, ಐಸ್‌ಕ್ರೀಮ್ ಅಂಗಡಿಗಳ ಹೆಸರಿತ್ತು. ಪಕ್ಕದ ಚಾಮರಾಜನಗರ ಜಿಲ್ಲೆಯ ಶಾಲೆಯೊಂದರಲ್ಲಿ 2025ರಲ್ಲಿ ದಲಿತ ಮಹಿಳೆ ಬಿಸಿಯೂಟ ಬೇಯಿಸುತ್ತಾರೆ ಅಂತ ತಂದೆ ತಾಯಂದಿರು ಮಕ್ಕಳನ್ನೇ ಶಾಲೆ ಬಿಡಿಸಿದ್ದರು. ತೆಹರಾನಿನ ಐಸ್‌ಕ್ರೀಮ್ ಅಂಗಡಿಗೂ ನಮ್ಮ ಬಿಸಿಯೂಟದ ಕೋಣೆಗೂ ನಡುವೆ ಸಾವಿರಾರು ಮೈಲಿ, ಒಳಗಿರುವ ಭಯ ಒಂದೇ. ಅಂದಹಾಗೆ 1948ರಲ್ಲಿ ಮಾನವ ಹಕ್ಕುಗಳ ಘೋಷಣೆಯ ಪರ ಮತ ಹಾಕಿದ 48 ದೇಶಗಳಲ್ಲಿ ಇರಾನ್ ಕೂಡ ಒಂದು, ಭಾರತವೂ ಒಂದು.

ಬಲಗಡೆಯ ಕುರ್ಚಿ

ನಂಬಿಕೆ ರದ್ದಾಯಿತು ಅಂತ ಗ್ರಂಥದಲ್ಲಿ ಬರೆದರೆ ಸಾಲದು, ಅದು ಊಟದ ಎಲೆಯ ಮುಂದೆ ಕಾಣಬೇಕು. ಪಂಕ್ತಿಭೇದ ಎಂಬ ಪದವನ್ನೇ ಸೃಷ್ಟಿಸಿಕೊಂಡ ನಾಡು ನಮ್ಮದು, ನಮಗೆ ಇದು ಬೇಗ ಅರ್ಥವಾಗುತ್ತದೆ.

1912ರ ಏಪ್ರಿಲ್ 23. ಬಹಾವುಲ್ಲಾ ಅವರ ಮಗ ಅಬ್ದುಲ್ ಬಹಾ ಅಮೆರಿಕದ ಪ್ರವಾಸದಲ್ಲಿದ್ದರು. ವಾಷಿಂಗ್ಟನ್‌ನಲ್ಲಿ ಅವತ್ತು ಕರಿಯರ ವಿದ್ಯಾಸಂಸ್ಥೆಯಾದ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತಾಡಿ, ಪರ್ಷಿಯಾದ ರಾಜತಾಂತ್ರಿಕ ಅಲಿ ಕುಲಿ ಖಾನ್ ಅವರ ಮನೆಗೆ ಮಧ್ಯಾಹ್ನದ ಊಟಕ್ಕೆ ಬಂದರು. ರಾಜಧಾನಿಯ ಗಣ್ಯರಿದ್ದರು. ಯಾರು ಎಲ್ಲಿ ಕೂರಬೇಕು ಅಂತ ಮರ್ಯಾದೆಯ ಲೆಕ್ಕದಲ್ಲಿ ಮೊದಲೇ ಗೊತ್ತು ಮಾಡಿತ್ತು. ಊಟಕ್ಕೆ ಮೊದಲು ಅಬ್ದುಲ್ ಬಹಾ ಲೂಯಿಸ್ ಗ್ರೆಗರಿ ಎಂಬ ಕರಿಯ ವಕೀಲರನ್ನು ಕರೆಸಿ ಮಾತಾಡುತ್ತಿದ್ದರು. ಗ್ರೆಗರಿ 1874ರಲ್ಲಿ ಹುಟ್ಟಿದವರು, ತಂದೆ ತಾಯಿ ಗುಲಾಮರಾಗಿದ್ದವರು, ತಾವು ಹೋವರ್ಡ್‌ನಲ್ಲೇ ಕಾನೂನು ಓದಿದವರು. ಊಟಕ್ಕೆ ಏಳಿ ಅಂದಾಗ ಎಲ್ಲರೂ ಒಳಗೆ ಹೋದರು. ಗ್ರೆಗರಿಗೆ ಎಲೆ ಹಾಕಿರಲಿಲ್ಲ, ಅವರು ಹೊರಡುವುದರಲ್ಲಿದ್ದರು. ಅಬ್ದುಲ್ ಬಹಾ ಕೂರುವ ಮೊದಲು ಗ್ರೆಗರಿ ಎಲ್ಲಿ, ಕರೆತನ್ನಿ ಅಂದರು. ಅವರು ಬರುವಷ್ಟರಲ್ಲಿ ಮೇಜಿನ ಮೇಲಿನ ತಟ್ಟೆ ಚಮಚಗಳನ್ನು ಅತ್ತಿತ್ತ ಸರಿಸಿ ಜಾಗ ಮಾಡಿದ್ದರು. ತಮ್ಮ ಬಲಗಡೆಗೆ, ಮುಖ್ಯ ಅತಿಥಿಯ ಜಾಗಕ್ಕೆ, ಗ್ರೆಗರಿಯವರನ್ನು ಕೂರಿಸಿಕೊಂಡರು. ಆಮೇಲೆ ಮಾನವಕುಲದ ಏಕತೆಯ ಬಗ್ಗೆ ಮಾತಾಡಿದರು.

ಈ ಪ್ರಸಂಗದಲ್ಲಿ ನನಗೆ ಮುಖ್ಯವೆನಿಸುವುದು ಕ್ರಮ. ಮೊದಲು ತಟ್ಟೆ ಸರಿಸಿದ್ದು, ಭಾಷಣ ಆಮೇಲೆ. ಕೂಡಿ ಉಣ್ಣುವ ಕಾರ್ಯಕ್ರಮ ನಮ್ಮಲ್ಲೂ ನಡೆಯುತ್ತವೆ. ವೇದಿಕೆ ಕಟ್ಟಿ, ಮೈಕ್ ಹಾಕಿ, ಫೋಟೋಗೆ ಹೇಳಿ, ಎರಡು ಗಂಟೆ ಭಾಷಣ ಆದ ಮೇಲೆ ಊಟ. ಮಾರನೆಯ ದಿನ ಅದೇ ಊರಿನ ಮದುವೆಯಲ್ಲಿ ಕಾಲೋನಿಯವರನ್ನು ಕೊನೆಯ ಪಂಕ್ತಿಗೆ ಕಾಯಿಸುತ್ತಾರೆ. ಛತ್ರದಲ್ಲಿ ಬಡಿಸುವ ಉಸ್ತುವಾರಿ ಯಾರದ್ದು, ಅಡುಗೆ ಕೋಣೆಯೊಳಗೆ ಯಾರು ಹೋಗಬಹುದು, ಎಲೆ ಎತ್ತುವವರು ಯಾರು ಅಂತ ನೋಡಿದರೆ ಆ ಊರಿನ ಸಮಾನತೆ ಎಷ್ಟು ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಬಹಾಯಿಗಳಲ್ಲಿ 19 ದಿನಕ್ಕೊಮ್ಮೆ ಸಮುದಾಯವೆಲ್ಲ ಸೇರುವ ಕೂಟವಿದೆ. ಪ್ರಾರ್ಥನೆ, ಸಮಾಲೋಚನೆ, ಉಪಚಾರ ಅಂತ ಮೂರು ಭಾಗ. ತಿನ್ನುವುದು ಕುಡಿಯುವುದು ಅಲ್ಲಿ ಕಾರ್ಯಕ್ರಮ ಮುಗಿದ ಮೇಲಿನ ಮಾತಲ್ಲ, ಕಾರ್ಯಕ್ರಮದ ಮೂರನೇ ಒಂದು ಪಾಲು. ವರ್ಷಕ್ಕೆ 19 ಸಲ ಜೊತೆಯಲ್ಲಿ ತಿಂದರೆ ಅದು ಪ್ರದರ್ಶನವಾಗಿ ಉಳಿಯುವುದಿಲ್ಲ, ರೂಢಿಯಾಗುತ್ತದೆ.

ಒಂಬತ್ತು ಹೆಸರು

ಬಹಾಯಿಗಳಲ್ಲಿ ಪುರೋಹಿತರಿಲ್ಲ. ಊರಿನ ವ್ಯವಹಾರ ನೋಡಿಕೊಳ್ಳಲು 9 ಜನರ ಸಭೆಯನ್ನು ಪ್ರತಿ ವರ್ಷ ಏಪ್ರಿಲ್ 20 ಅಥವಾ 21ರ ಸುಮಾರಿಗೆ ಆರಿಸುತ್ತಾರೆ. ಉಮೇದುವಾರರಿಲ್ಲ, ನಾಮಪತ್ರವಿಲ್ಲ, ಪ್ರಚಾರ ನಿಷಿದ್ಧ. ಯಾರಿಗೆ ಹಾಕುತ್ತೀ ಅಂತ ಮನೆಯೊಳಗೂ ಚರ್ಚೆಯಿಲ್ಲ. ಪ್ರತಿಯೊಬ್ಬರೂ ಗುಟ್ಟಾಗಿ 9 ಹೆಸರು ಬರೆಯುತ್ತಾರೆ. ಹೆಚ್ಚೂ ಇರಬಾರದು ಕಡಿಮೆಯೂ ಇರಬಾರದು, ಇದ್ದರೆ ಚೀಟಿ ಅಸಿಂಧು. ಹೆಚ್ಚು ಮತ ಬಂದ 9 ಜನ ಸಭೆಗೆ ಬರುತ್ತಾರೆ. ಕೊನೆಯ ಸ್ಥಾನಕ್ಕೆ ಸಮಬಲ ಬಂದರೆ ಮರುಮತದಾನ. ಆದರೆ ಆ ಇಬ್ಬರಲ್ಲಿ ಒಬ್ಬರು ಆ ಸಮಾಜದ ಅಲ್ಪಸಂಖ್ಯಾತ ಗುಂಪಿಗೆ ಸೇರಿದವರಾದರೆ ಮರುಮತದಾನವಿಲ್ಲ, ಸ್ಥಾನ ನೇರವಾಗಿ ಅವರಿಗೇ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯ ಪಾಲು ಕೊಡಿಸಿದ ಮೈಸೂರಿನವರಿಗೆ ಈ ನಿಯಮದ ಹಿಂದಿನ ನ್ಯಾಯ ಹೊಸದಾಗಿ ಕಾಣಬಾರದು. ಸಮಾನತೆಗೆ ತಕ್ಕಡಿ ಸ್ವಲ್ಪ ಬಾಗಿಸಬೇಕಾಗುತ್ತದೆ. ಹಣ ಒಬ್ಬರನ್ನು ಓದಿಸುವಷ್ಟೇ ಇದ್ದರೆ ಮಗನಿಗಿಂತ ಮೊದಲು ಮಗಳನ್ನು ಓದಿಸಿ ಅಂತ ಅಬ್ದುಲ್ ಬಹಾ ಹೇಳಿದ್ದೂ ಇದೇ ನ್ಯಾಯದಲ್ಲಿ. ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಬಯಲಾದದ್ದು ನಮ್ಮ ಮಂಡ್ಯ ಜಿಲ್ಲೆಯಲ್ಲೇ. ಆ ಮಾತು ಇಲ್ಲಿಯ ಗೋಡೆಗಳ ಮೇಲೆ ಬರೆಸುವಂಥದ್ದು.

ಈ ಚುನಾವಣೆಯಲ್ಲಿ ಕೆಡುವುದು ಏನು ಅಂತಲೂ ಹೇಳಬೇಕು. ಪ್ರಚಾರವಿಲ್ಲದಿದ್ದರೆ ಜನ ಪರಿಚಯದ ಹೆಸರನ್ನೇ ಬರೆಯುತ್ತಾರೆ. ಚೆನ್ನಾಗಿ ಮಾತಾಡುವವರು, ಸ್ಥಿತಿವಂತರು ಮತ್ತೆ ಮತ್ತೆ ಬರುತ್ತಾರೆ. ಹೊಸಬರ ಮುಖವೇ ಗೊತ್ತಿರುವುದಿಲ್ಲ. ಅದಕ್ಕೆ ಪರಿಹಾರ ಮತದಾನದ ದಿನ ಸಿಗುವುದಿಲ್ಲ. ವರ್ಷವಿಡೀ ಕೂಟಗಳಲ್ಲಿ ಎಲ್ಲರಿಗೂ ಕೆಲಸ ಹಂಚಿದ್ದರೆ ಮಾತ್ರ ಎಲ್ಲರ ಹೆಸರೂ ನೆನಪಿಗೆ ಬರುತ್ತದೆ. ಬಹಾಯಿ ಸಮಾಲೋಚನೆಗೂ ಇದೇ ಅನ್ವಯಿಸುತ್ತದೆ. ಅಲ್ಲಿ ಒಮ್ಮೆ ಹೇಳಿದ ಸಲಹೆ ಹೇಳಿದವರ ಸ್ವತ್ತಲ್ಲ, ಸಭೆಯ ಸ್ವತ್ತು. ನನ್ನ ಮಾತು ಬಿತ್ತು ಅಂತ ಮುನಿಸಿಕೊಳ್ಳುವಂತಿಲ್ಲ. ಒಮ್ಮತ ಬಾರದಿದ್ದರೆ ಬಹುಮತ, ಆಮೇಲೆ ವಿರೋಧಿಸಿದವರೂ ಸೇರಿ ನಡೆಸಬೇಕು. ಎಲ್ಲರೂ ಮನಸಾರೆ ನಡೆಸಿದರೆ ತೀರ್ಮಾನ ತಪ್ಪಾಗಿದ್ದರೆ ಬೇಗ ಗೊತ್ತಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ನಮ್ಮ ಕಟ್ಟೆಯ ಮೇಲಿನ ಸಭೆಯಲ್ಲಿ ಯಜಮಾನರು ಮೊದಲು ಬಾಯಿ ಬಿಡುತ್ತಾರೆ, ಉಳಿದವರು ಹೂಂ ಅನ್ನುತ್ತಾರೆ. ಕಾಲೋನಿಯವರು ಕಟ್ಟೆಯ ಕೆಳಗೆ ನಿಂತಿರುತ್ತಾರೆ.

ಒಪ್ಪಲಾಗದ ಕಡೆ

ಇಷ್ಟು ಹೇಳಿ ತೊಡಕಿನ ಮಾತುಗಳನ್ನು ಮುಚ್ಚಿಟ್ಟರೆ ಓದುಗರಿಗೆ ಮೋಸ. ಹೆಣ್ಣು ಗಂಡು ಹಕ್ಕಿಯ ಎರಡು ರೆಕ್ಕೆ ಅನ್ನುವ ಈ ಧರ್ಮದಲ್ಲಿ ಇಸ್ರೇಲಿನ ಹೈಫಾದಲ್ಲಿರುವ ಅತ್ಯುನ್ನತ ಸಂಸ್ಥೆಯ 9 ಸದಸ್ಯರೂ ಗಂಡಸರೇ. ಉಳಿದೆಲ್ಲ ಹಂತಗಳಲ್ಲಿ ಹೆಂಗಸರಿದ್ದಾರೆ, ಇಲ್ಲಿ ಮಾತ್ರ ಇಲ್ಲ. ಇದರ ಹಿಂದಿನ ವಿವೇಕ ಮುಂದೆ ತಿಳಿಯುತ್ತದೆ ಅಂತ ಅಬ್ದುಲ್ ಬಹಾ ಹೇಳಿದ್ದರು. ನಂಬುವವರಿಗೆ ಅದು ಸಾಕು. ಹಂಸಾ ಮೆಹ್ತಾ ಅವರನ್ನು ನೆನೆಯುವ ನನಗೆ ಸಾಲದು.

ಇನ್ನೊಂದು ಮದುವೆಯ ವಿಷಯ. ಬಹಾಯಿ ಮದುವೆಯಲ್ಲಿ ಹುಡುಗ ಹುಡುಗಿ ತಾವೇ ಆರಿಸಿಕೊಳ್ಳಬೇಕು, ಆಮೇಲೆ ಬದುಕಿರುವ ಎಲ್ಲ ತಂದೆ ತಾಯಂದಿರ ಒಪ್ಪಿಗೆ ಬೇಕು. ತಂದೆ ತಾಯಿ ಬಹಾಯಿಗಳಲ್ಲದಿದ್ದರೂ ಬೇಕು. ಮನೆಗಳನ್ನು ಒಂದುಗೂಡಿಸುವ ಆಶಯ ಅದರದ್ದು. ಅಂತರ್ಜನಾಂಗೀಯ ಮದುವೆಯನ್ನು ಅಬ್ದುಲ್ ಬಹಾ ಮುಂದೆ ನಿಂತು ಪ್ರೋತ್ಸಾಹಿಸಿದರು. ಗ್ರೆಗರಿ ಮತ್ತು ಬಿಳಿಯ ಇಂಗ್ಲಿಷ್ ಮಹಿಳೆ ಲೂಯಿಸಾ ಮ್ಯಾಥ್ಯೂ 1912ರ ಸೆಪ್ಟೆಂಬರ್‌ನಲ್ಲಿ ಮದುವೆಯಾದಾಗ ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಅಂಥ ಮದುವೆ ಅಪರಾಧವಾಗಿತ್ತು. ಆ ಕಾನೂನುಗಳು ಪೂರ್ತಿ ಬಿದ್ದದ್ದು 1967ರಲ್ಲಿ. ಆದರೆ ಜಾತಿ ಕಾರಣಕ್ಕೇ ಅಪ್ಪ ಒಪ್ಪದಿದ್ದರೆ? ನಮ್ಮ ಕಡೆ ಮರ್ಯಾದೆಯ ಹೆಸರಲ್ಲಿ ಮಗಳನ್ನೇ ಕೊಂದ ಸುದ್ದಿಗಳಿವೆ. ಅಂಥಲ್ಲಿ ಒಪ್ಪಿಗೆಯ ನಿಯಮ ಪ್ರೀತಿಸಿದವರ ಕೈ ಕಟ್ಟುತ್ತದೆ. ಮಾನವ ಹಕ್ಕುಗಳ ಘೋಷಣೆಯ 16ನೇ ಕಲಮು ಮದುವೆಯಾಗುವ ಇಬ್ಬರ ಒಪ್ಪಿಗೆಯನ್ನಷ್ಟೇ ಕೇಳುತ್ತದೆ, ಇಲ್ಲಿ ನಾನು ಅದರ ಕಡೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಒಂದು ಅಡಚಣೆಯಿದೆ. ನೋಟಿಸು 30 ದಿನ ಕಚೇರಿಯ ಗೋಡೆಯ ಮೇಲಿರುತ್ತದೆ, ಊರಿಗೆ ಸುದ್ದಿ ಮುಟ್ಟಲು ಅರ್ಧ ದಿನ ಸಾಕು. ಜೀವಭಯವಿದ್ದರೆ ನೋಟಿಸು ಕೊಡುವ ಮೊದಲೇ ಪೊಲೀಸ್ ರಕ್ಷಣೆಗೆ ಬರೆದುಕೊಡುವುದು ಒಳ್ಳೆಯದು.

ಧರಣಿ, ಪಕ್ಷ ರಾಜಕೀಯದಿಂದ ಬಹಾಯಿಗಳು ದೂರ. ಮಂಡ್ಯದಲ್ಲಿ ಕೂತು ಇದನ್ನು ಓದುವವರಿಗೆ ಒಪ್ಪುವುದು ಕಷ್ಟ. ಹೆದ್ದಾರಿಯಲ್ಲಿ ಕೂರದೆ ನಮಗೆ ನೀರೂ ಸಿಕ್ಕಿಲ್ಲ, ಎರಡನೇ ಲೋಟವೂ ಹೋಗಿಲ್ಲ. ಬಾಗಿಲು ತೆರೆಸಲು ಹೋರಾಟ ಬೇಕು ಅಂತ ನಾನು ನಂಬುತ್ತೇನೆ. ತೆರೆದ ಮೇಲೆ ಒಳಗೆ ಒಟ್ಟಿಗೆ ನಿಲ್ಲಲು ಬೇಕಾದ ರೂಢಿಗಳನ್ನು ಯಾರಿಂದ ಕಲಿಯಬೇಕು ಅನ್ನುವಾಗ ಈ ಪುಟ್ಟ ಸಮುದಾಯದ ಕಡೆ ನೋಡುತ್ತೇನೆ.

ಮುಂದಿನ ಹಬ್ಬದ ವಂತಿಗೆ

ಊರ ಹಬ್ಬಕ್ಕೆ ಎರಡು ತಿಂಗಳಿರುವಾಗ ವಂತಿಗೆಯ ಸಭೆ ಸೇರುತ್ತದೆ. ಜಗಳ ಶುರುವಾಗುವುದು ಗುಡಿಯ ಬಾಗಿಲಲ್ಲಲ್ಲ, ಆ ಸಭೆಯಲ್ಲಿ. ಕಾಲೋನಿಯ ವಂತಿಗೆ ತೆಗೆದುಕೊಂಡರೆ ಮೆರವಣಿಗೆ ಅವರ ಬೀದಿಗೂ ಹೋಗಬೇಕಾಗುತ್ತದೆ, ಅವರ ಮನೆಯ ಆರತಿಯನ್ನೂ ಪಡೆಯಬೇಕಾಗುತ್ತದೆ. ಹಾಗಾಗಿ ಎಷ್ಟೋ ಕಡೆ ವಂತಿಗೆಯನ್ನೇ ಕೇಳುವುದಿಲ್ಲ. ಕೇಳದಿರುವುದು ಔದಾರ್ಯದಂತೆ ಕಾಣುತ್ತದೆ, ಲೆಕ್ಕದಿಂದ ಹೊರಗಿಡುವ ದಾರಿ ಅದು.

ಬದಲಾವಣೆ ಬೇಕೆನ್ನುವ ಊರಿನ ಹುಡುಗರು ಆ ಸಭೆಗೆ ಮೊದಲೇ ಕೆಲವು ಕೆಲಸ ಮಾಡಬಹುದು. ಸಭೆಯನ್ನು ಗುಡಿಯ ಜಗಲಿಯಿಂದ ಶಾಲೆಗೆ ತನ್ನಿ, ಅಲ್ಲಿ ಎಲ್ಲರಿಗೂ ಒಂದೇ ಎತ್ತರದ ಬೆಂಚು. ಕಿರಿಯರು ಮೊದಲು ಮಾತಾಡಲಿ, ಯಜಮಾನರು ಕೊನೆಗೆ. ಹಬ್ಬದ ಸಮಿತಿಗೆ ಕೈ ಎತ್ತಿಸಬೇಡಿ, ಎಲ್ಲರಿಗೂ ಚೀಟಿ ಕೊಟ್ಟು 9 ಹೆಸರು ಬರೆಸಿ. ಬರೆಯಲು ಬಾರದವರು ತಮಗೆ ನಂಬಿಕೆಯಿರುವವರ ಕೈಲಿ ಬರೆಸಲಿ. ಸಮಬಲ ಬಂದರೆ ಕಾಲೋನಿಯವರಿಗೆ ಅಂತ ಎಣಿಸುವ ಮೊದಲೇ ತೀರ್ಮಾನವಾಗಲಿ, ಎಣಿಸಿದ ಮೇಲೆ ಹೇಳಿದರೆ ಜಗಳ. ದುಡ್ಡು ಹೆಚ್ಚು ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದನ್ನು ಬಿಡಿ. ಬಹಾಯಿಗಳಲ್ಲಿ ಯಾರು ಎಷ್ಟು ಕೊಟ್ಟರು ಎಂಬುದು ಗುಟ್ಟು, ಅದರಿಂದ 50 ರೂಪಾಯಿ ಕೊಟ್ಟವರಿಗೂ ತಲೆ ತಗ್ಗುವುದಿಲ್ಲ. ಪಲ್ಲಕ್ಕಿಗೆ ಹೆಗಲು ಕೊಡುವವರ ಪಟ್ಟಿ ಬೀದಿವಾರು ಸರದಿಯಲ್ಲಿರಲಿ. ಮೆರವಣಿಗೆಯ ದಾರಿಯನ್ನು ಹಾಳೆಯ ಮೇಲೆ ಬರೆದು, ಸಹಿ ಹಾಕಿಸಿ, ಒಂದು ಪ್ರತಿ ತಹಸೀಲ್ದಾರರಿಗೆ, ಒಂದು ಠಾಣೆಗೆ ಕೊಡಿ.

ವಂತಿಗೆ ಎತ್ತಲು ಹೊರಟಾಗ ರಸೀದಿ ಪುಸ್ತಕ ಒಂದೇ ಇರಲಿ. ಊರಿಗೊಂದು, ಕಾಲೋನಿಗೊಂದು ಅಂತ ಎರಡು ಮಾಡಿಸಬೇಡಿ. 1ನೇ ನಂಬರಿನ ರಸೀದಿ ಯಾರ ಮನೆಯದ್ದಾದರೂ ಆಗಲಿ, 2ನೆಯದನ್ನು ಕಾಲೋನಿಯ ಮೊದಲ ಮನೆಯಲ್ಲಿ ಹರಿಯಿರಿ.